ಪ್ಲಾಟಿನಂ ತಿರುಳಿನ ಬೇಟೆ

ಹಳೆಯ ಖೋಟಾ ಚಿನ್ನದ ನಾಣ್ಯವನ್ನು ಗುರುತಿಸುವುದರಲ್ಲಿ ತಮ್ಮನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲವೆಂದು ಪಂಡಿತರು ಆ ಭಾನುವಾರ ಊಟದ ಮೇಜಿನ ಮುಂದೆ ಘೋಷಿಸಿದರು. ಕೇಳಲು ಹೆಂಡತಿಯೊಬ್ಬಳೇ ಇದ್ದಳು. ಅವಳ ತಾಯಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅವಳಿಗೆ ಘೋಷಣೆ ಕೇಳುವ ಮನಸ್ಸಿರಲಿಲ್ಲ.

‘ಪಂಡಿತ’ ಎಂಬುದು ಗೋದಾಮಿನ ಸಹೋದ್ಯೋಗಿಗಳು ಗೇಲಿಗೆ ಇಟ್ಟ ಹೆಸರು. ಇವರು ಅದನ್ನು ಬಿರುದೆಂದು ಸ್ವೀಕರಿಸಿದ್ದರು. ಅಸಲಿಯನ್ನು ದುಡ್ಡಿದ್ದವರೆಲ್ಲ ಕೊಳ್ಳುತ್ತಾರೆ, ಊರಿಗೆ ಊರನ್ನೇ ಯಾಮಾರಿಸಿದ ಹಳೆಯ ನಕಲಿಯಲ್ಲಿ ಕಲೆಯಿದೆ ಎಂಬುದು ಅವರ ಸಿದ್ಧಾಂತ. ಅವರ ಗಾಜಿನ ಪೆಟ್ಟಿಗೆಯಲ್ಲಿ ಸೀಸದವು, ಹಿತ್ತಾಳೆಯವು ಠೀವಿಯಿಂದ ಮಲಗಿದ್ದವು. ಪ್ಲಾಟಿನಂಗೆ ಚಿನ್ನದ ಲೇಪ ಕೊಟ್ಟದ್ದೊಂದು ಮಾತ್ರ ಸಿಕ್ಕಿರಲಿಲ್ಲ. ಚಿನ್ನದಷ್ಟೇ ತೂಗುವ ಪ್ಲಾಟಿನಂ ಚಿನ್ನಕ್ಕಿಂತ ಅಗ್ಗವಾಗಿದ್ದ ಕಾಲದ ಖೋಟಾ ಅದು. ಸಂಗ್ರಾಹಕರು ಅದಕ್ಕಾಗಿ ಪ್ರಾಣ ಬಿಡುತ್ತಾರೆ.

“ನಿಮ್ಮಮ್ಮ ಕೊಟ್ಟ ಚಿನ್ನದ ನಾಣ್ಯ ಕೊಡು ಸ್ವಲ್ಪ.”

“ಬೇಡ. ಅಮ್ಮನ ನೆನಪಿಗೆ ಅಂತ ಇರೋದು ಅದೊಂದೇ.”

“ನೋಡಿ ಕೊಡ್ತೀನಿ ಕಣೇ. ನುಂಗ್ತೀನಾ?”

ಅವಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಪಂಡಿತರು ತೂಗಿದರು. ತೂಕ ಸರಿಯಾಗಿತ್ತು.

“ಕಳ್ಳ ಬಲು ಜಾಣ. ಒಳಗಡೆ ಪ್ಲಾಟಿನಂ ಇಟ್ಟಿದಾನೆ.”

ಭೂತಗನ್ನಡಿ ಹಿಡಿದರು. ಅಂಚಿನ ಗೀರುಗಳು ಒಂದೇ ಸಮ, ಎಲ್ಲೂ ಬೆಸುಗೆಯ ಗುರುತಿಲ್ಲ.

“ಕೈಚಳಕ ಅಂದ್ರೆ ಇದು.”

“ಅಸಲಿನೇ ಇರ್ಬೋದಲ್ವಾ?”

“ಅಸಲಿ ಇಷ್ಟು ಅಚ್ಚುಕಟ್ಟಾಗಿರಲ್ಲ. ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು.”

ಅವಳು ಪಾತ್ರೆ ತೊಳೆಯಲು ಎದ್ದು ಹೋದಳು. ಪಂಡಿತರು ಅಂಚಿಗೆ ಅರ ಹಾಕಿ ಉಜ್ಜಿದರು, ಚೂರೇ ಚೂರು. ಹಳದಿ. ಲೇಪ ದಪ್ಪವಿರಬೇಕೆಂದು ಇನ್ನಷ್ಟು ಉಜ್ಜಿದರು. ಹಳದಿ. ಇಷ್ಟು ದಪ್ಪ ಲೇಪ ಕೊಟ್ಟ ಆ ಅಜ್ಞಾತ ಮಹಾಖದೀಮನ ಬಗ್ಗೆ ಅವರಿಗೆ ಗೌರವ ಉಕ್ಕಿ ಬಂತು. ಅಂಚು ಹೇಗೂ ಹೋಗಿತ್ತು. ತಿರುಳು ಕಂಡರೆ ಹೆಂಡತಿಯೂ ಹೆಮ್ಮೆಪಡುತ್ತಾಳೆಂದು ತಮಗೇ ಸಮಾಧಾನ ಹೇಳಿಕೊಂಡು, ನಾಣ್ಯವನ್ನು ಇಕ್ಕಳದಲ್ಲಿ ಬಿಗಿಹಿಡಿದು ಗರಗಸ ಎಳೆದರು.

ಸದ್ದು ಕೇಳಿ ಅವಳು ಒದ್ದೆ ಕೈಯಲ್ಲೇ ಓಡಿ ಬರುವಷ್ಟರಲ್ಲಿ ನಾಣ್ಯ ಎರಡು ಹೋಳಾಗಿ ಮೇಜಿನ ಮೇಲೆ ಬಿದ್ದಿತ್ತು. ಅಂಚಿನಿಂದ ನಡುಮಧ್ಯದವರೆಗೂ ಹಳದಿ.

“ಬೆಸುಗೆ ಹಾಕಿಸಿದ್ರೆ...” ಎಂದರು ಪಂಡಿತರು.

ಅವಳು ಎರಡೂ ಹೋಳುಗಳನ್ನು ಸೆರಗಿನಿಂದ ಒರೆಸಿದಳು. ಮೇಜಿನ ಮೇಲಿನ ಪುಡಿಯನ್ನು ಬೆರಳ ತುದಿಗೆ ಅಂಟಿಸಿ ಅಂಟಿಸಿ ಅಂಗೈಗೆ ತೆಗೆದುಕೊಂಡಳು.

“ಅಮ್ಮ ನೋಡಿ ಆರಿಸಿ ನನಗೆ ಅಂತ ಕೊಟ್ಟಿದ್ದು ಎರಡೇ. ಈ ನಾಣ್ಯ, ಮತ್ತೆ ನೀವು,” ಎಂದಳು. “ನಾಣ್ಯ ಅಸಲಿ ಅಂತ ಇವತ್ತು ಗೊತ್ತಾಯ್ತು.”