‘ರೀ’ ಎಂದರೆ ಸಾಕು

ಹೆಸರಿಡುವ ವಿಷಯದಲ್ಲಿ ನಮ್ಮ ಆಳಂದದವರು ಬಹಳ ಉಳಿತಾಯದ ಜನ. ಶರಣಬಸಪ್ಪ ಎನ್ನುವ ಒಂದೇ ಹೆಸರಿನಲ್ಲಿ ಅರ್ಧ ಊರು ನಡೆದುಹೋಗುತ್ತದೆ. ನಾನೂ ಅವರಲ್ಲೊಬ್ಬ. ಬೀದಿಯಲ್ಲಿ ಯಾರಾದರೂ ಆ ಹೆಸರು ಕೂಗಿದರೆ ನಾನು ತಿರುಗುವ ಗೋಜಿಗೇ ಹೋಗುವುದಿಲ್ಲ. ತಿರುಗುವವರು ಬೇಕಾದಷ್ಟು ಜನ ಇರುತ್ತಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲೊಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೆ ತಂತಿ ಎಳೆದು ಹಲವು ಪರದೆ, ಕೀಲಿಮಣೆಗಳನ್ನು ಜೋಡಿಸಿದ್ದೆವು. ಅವನ್ನು ಗುರುತಿಸಲು ಕರ್ನಲ್ ಒಳಗೆ, ಅಂದರೆ ಯಂತ್ರದ ಗರ್ಭಗುಡಿಯಲ್ಲಿ, ಕೂರುವ ಡ್ರೈವರ್ ಎಂಬ ಪ್ರೋಗ್ರಾಂ ಒಂದನ್ನು ನಾನೇ ಬರೆದಿದ್ದೆ. (ಡ್ರೈವರ್ ಎಂದೊಡನೆ ಖಜೂರಿಯ ನಮ್ಮ ಮಾವನವರು ಯಾವ ಲಾರಿಗೆ ಎಂದು ಕೇಳಿದ್ದರು.) ಯಾರಾದರೂ ಒಂದು ಅಕ್ಷರ ಒತ್ತಿದರೆ, ಅದು ಯಾವ ಕೀಲಿಮಣೆಯದೆಂದು ತಿಳಿಯಲು ನನ್ನ ಡ್ರೈವರು ಹೆಸರು ಹಿಡಿದು ಸಾಲಾಗಿ ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಹುಡುಗರು ಆಕಳಿಸಿ ಮುಗಿಸಿರುತ್ತಿದ್ದರು.

ಒಂದು ಐತವಾರ ಯಡ್ರಾಮಿಯಲ್ಲಿ ಹೆಂಡತಿಯ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಹಿಂದಿನ ಕಾರ್ಯಗಳನ್ನೆಲ್ಲ ಈ ಡ್ರೈವರೇ ನುಂಗಿತ್ತು. ಇದಕ್ಕೂ ತಪ್ಪಿಸಿದರೆ ತವರಿನವರಿಗೆ ಮುಖ ತೋರಿಸಲಾರೆನೆಂದು ಹೆಂಡತಿ ಮಹಾದೇವಿ ಮೊದಲೇ ಹೇಳಿದ್ದಳು. ಆ ಬೆಳಿಗ್ಗೆಯೂ ನಾನು ಬೇವಿನ ನೆರಳಲ್ಲಿ ಡ್ರೈವರಿನ ಸಾಲುಗಳ ಕನಸು ಕಾಣುತ್ತಿದ್ದೆ. ಒಳಗಿನಿಂದ ಅವಳು ‘ರೀ’ ಎಂದಳು. ಎದ್ದವನು ಹಾಗೇ ನಿಂತುಬಿಟ್ಟೆ. ಗಂಡನ ಹೆಸರು ಹೇಳಬಾರದೆಂದು ಇವಳು ಹೆಸರನ್ನೇ ಬಿಟ್ಟಿದ್ದಾಳೆ. ಆದರೂ ಇಷ್ಟೊಂದು ಶರಣಬಸಪ್ಪರಲ್ಲಿ ನಾನೊಬ್ಬನೇ ಏಳುತ್ತೇನೆ! ಅಕ್ಷರ ತಂದುಕೊಡುವಾಗಲೇ ಕರ್ನಲ್ ಅದು ಯಾವ ಕೀಲಿಮಣೆಯದೆಂದೂ ಡ್ರೈವರಿನ ಕೈಗೆ ಕೊಟ್ಟಿರುತ್ತದಲ್ಲ, ಕೈಯಲ್ಲಿರುವವನನ್ನು ಹೆಸರು ಹಿಡಿದು ಹುಡುಕುವುದೇಕೆ? ಹುಡುಕುವ ಸಾಲುಗಳನ್ನೆಲ್ಲ ಅಳಿಸಿದರಾಯಿತು. ಸಂತೋಷಕ್ಕೆ ಕಣ್ಣು ತುಂಬಿತು. ಮರುದಿನ ಅಳಿಸಿದೆ, ಡ್ರೈವರು ಓಡಿತು ಕೂಡ. ಆದರೆ ಬಸ್ಸು ಹಿಡಿಯಬೇಕಾದದ್ದು ಆ ಐತವಾರವೇ.

ಬಸ್ ನಿಲ್ದಾಣದಲ್ಲೂ ನಾನು ಮನಸ್ಸಿನಲ್ಲೇ ಸಾಲು ಅಳಿಸುತ್ತಿದ್ದೆ. ‘ರೀ, ಲಗೂ ಹತ್ರಿ’ ಎಂಬ ಹೆಣ್ಣುದನಿ ಕೇಳಿತು. ಹತ್ತಿದೆ, ಕಿಟಕಿಯ ಪಕ್ಕ ಕೂತೆ. ಅದು ಯಾರದೋ ಹೆಂಡತಿಯ ‘ರೀ’, ಬಸ್ಸು ಅಫಜಲಪುರದ್ದು ಎಂದು ಗೊತ್ತಾದದ್ದು ಆಮೇಲೆ. ಅತ್ತ ನಾವು ಹತ್ತಬೇಕಿದ್ದ ಜೇವರ್ಗಿ ಬಸ್ಸಿನ ಬಾಗಿಲಲ್ಲಿ ಮಹಾದೇವಿ ‘ರೀ, ರೀ’ ಎಂದು ಕರೆದು ಸೋತಳಂತೆ. ಕಡೆಗೆ, ಮದುವೆಯ ದಿನ ಒಡಪಿನಲ್ಲಿ ಹೇಳಿದ್ದು ಬಿಟ್ಟರೆ ಎಂದೂ ಬಾಯಿಗೆ ತಾರದ ನನ್ನ ಹೆಸರನ್ನು ನಿಲ್ದಾಣವೆಲ್ಲ ಕೇಳುವಂತೆ ಕೂಗಿಬಿಟ್ಟಳು. ಮೂರು ಮಂದಿ ತಿರುಗಿ ನೋಡಿದರಂತೆ. ಆ ಕೂಗು ನನಗೂ ಕೇಳಿಸಿತ್ತು. ಪಾಪ, ಯಾವ ಪುಣ್ಯಾತ್ಮನ ಹೆಂಡತಿಯೋ ಎಂದುಕೊಂಡು ಕಣ್ಣು ಮುಚ್ಚಿದ್ದೆ.

ಬಸ್ಸು ಬದಲಿಸುತ್ತ ಯಡ್ರಾಮಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಹಾದೇವಿ ತೊಟ್ಟಿಲು ತೂಗುತ್ತ ಕೂತಿದ್ದಳು. ಕೂಸಿಗೆ ಏನು ಹೆಸರಿಟ್ಟಿರೆಂದು ಅಳುಕುತ್ತಲೇ ಕೇಳಿದೆ.

“ನಿಮ್ದ ಇಟ್ಟೀವ್ರಿ. ಒಮ್ಮೆ ಕೂಗಿದ ಮ್ಯಾಲ ನನಗೇನು ಅಂಜಿಕಿ? ಇನ್ನ ಕರದ್ರ ಒಬ್ಬಾಂವರ ಹೊರಳಿ ನೋಡ್ತಾನ.”

ಹಾಗೆಂದು ಮೆಲ್ಲಗೆ ‘ಶರಣಬಸಪ್ಪಾ’ ಎಂದಳು. ಕೂಸು ಕಣ್ಣು ತೆರೆಯಿತು. ನಾನು ಮಾತ್ರ, ಅಭ್ಯಾಸಬಲ ನೋಡಿ, ಬಾಗಿಲಿಗೆ ಯಾವ ಶರಣಬಸಪ್ಪ ಬಂದನೆಂದು ಆ ಕಡೆ ನೋಡುತ್ತಿದ್ದೆ.