ಫೊಲಾರಿನ್ ಮೇಷ್ಟ್ರು ಕಾಲು ಚಾಚಿದ್ದು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಪುಣ್ಯಾತ್ಮರು ಇಬಾದಾನಿನ ಫೊಲಾರಿನ್ ಮೇಷ್ಟ್ರ ಕೋಣೆ ನೋಡಿರಲಿಲ್ಲ. ಹಾಸಿಗೆ ಉದ್ದವೇ ಇತ್ತು; ಅದರ ಅರ್ಧದಲ್ಲಿ ಬಕೆಟ್ಟುಗಳು ಮಲಗುತ್ತಿದ್ದವು. ಆ ಶನಿವಾರ ಬೆಳಿಗ್ಗೆ ಮೇಷ್ಟ್ರು ನಿದ್ದೆಗಣ್ಣಲ್ಲಿ ಕಾಲು ಝಾಡಿಸಿದ್ದೇ ತಡ, ಹೆಂಡತಿಯ ಚಿಕ್ಕಮ್ಮನ ಎಪ್ಪತ್ತರ ಹುಟ್ಟುಹಬ್ಬದ ಬಕೆಟ್ಟು ಉರುಳಿ ಬಂದು ಮೂಗಿಗೆ ಬಡಿಯಿತು. ಅದರ ಮೇಲಿನ ಫೋಟೊದಲ್ಲಿ ಚಿಕ್ಕಮ್ಮ ಹಲ್ಲು ಕಿರಿಯುತ್ತಿದ್ದಳು.

ಆ ಊರಲ್ಲಿ ಮದುವೆಯಾಗಲಿ ತಿಥಿಯಾಗಲಿ, ಉಂಡವರ ಕೈಗೆ ಮನೆಯವರ ಫೋಟೊ ಅಂಟಿಸಿದ ಬಕೆಟ್ಟೋ ಬೋಗುಣಿಯೋ ಬೀಳಲೇಬೇಕು. ಮೇಷ್ಟ್ರ ಹೆಂಡತಿ ಅಬೆಕೆ ಒಂದು ಊಟವನ್ನೂ ತಪ್ಪಿಸಿದವಳಲ್ಲ. ಹನ್ನೊಂದು ವರ್ಷದ ಊಟವೆಲ್ಲ ಆ ಒಂದೇ ಕೋಣೆಯಲ್ಲಿ ತುಂಬಿತ್ತು.

"ಸಾಕು! ಇವತ್ತು ಸಂಜೆಗೆ ಒಂದು ಚಾಪೆ, ಎರಡು ತಟ್ಟೆ, ನಾವಿಬ್ಬರು. ನಾನು ಕಾಲು ಚಾಚಿಯೇ ತೀರುತ್ತೇನೆ!" ಎಂದು ಮೇಷ್ಟ್ರು ಶಪಥ ಮಾಡಿದರು. ಅಬೆಕೆ ಇನ್ನೊಂದು ಮದುವೆಗೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಗಬೇಕು?

ಮೊದಲ ಬಕೆಟ್ಟು ಪಕ್ಕದ ಮನೆಯ ಇಯಾ ಸಿಕಿರಾಗೆ ಹೋಯಿತು. ಓಣಿಗೆಲ್ಲ ಹಿರಿಯವಳು, ಬಾಯಲ್ಲಂತೂ ಇನ್ನೂ ಹಿರಿಯವಳು.

"ಏನ್ ಮೇಷ್ಟ್ರೇ ವಿಶೇಷ?"

"ಏನಿಲ್ಲ ಅವ್ವಾ. ಮನೇಲಿ ಜಾಸ್ತಿ ಆಗಿದೆ, ತಗೊಳ್ಳಿ."

"ಊಟ ಹಾಕ್ದೆ ಬಕೆಟ್ ಕೊಟ್ಟೋರ್ನ ನನ್ ಜನ್ಮದಲ್ಲೇ ನೋಡಿಲ್ಲ. ಹೆಡ್ಮೇಷ್ಟ್ರಾದ್ರಾ?"

"ಅಯ್ಯೋ, ಇಲ್ಲ! ಇನ್ಮೇಲೆ ಕಡಿಮೆ ಸಾಮಾನಲ್ಲಿ ಬದುಕ್ತೀನಿ, ಅಷ್ಟೇ."

"ಪಾಪ, ದೃಷ್ಟಿ ಆಗುತ್ತೆ ಅಂತ ಮುಚ್ಚಿಡ್ತಿದಾರೆ!" ಎಂದು ಅವಳು ಗುಟ್ಟಾಗಿ ಹೇಳಿದ್ದು ಮೂರು ಓಣಿಗೆ ಕೇಳಿಸಿತು.

ಹನ್ನೊಂದು ಗಂಟೆಗೆ ಓಣಿಯವರೇ ಸೇರಿ ಮೇಷ್ಟ್ರ ಮನೆ ಮುಂದೆ ಶಾಮಿಯಾನ ಎಬ್ಬಿಸಿದರು. ಹನ್ನೆರಡಕ್ಕೆ ಒಲೆಯ ಮೇಲೆ ಕೆಂಪು ಜೊಲೊಫ್ ಅನ್ನದ ಹಂಡೆ ಏರಿತು. ಡೋಲಿನವನು ಬಂದು ಮೇಷ್ಟ್ರ ಮುತ್ತಾತನನ್ನೂ ಬಿಡದೆ ಹೊಗಳತೊಡಗಿದ. "ಸಮಾರಂಭ ಇಲ್ಲಾರೀ, ಏನೂ ಇಲ್ಲ!" ಎಂದು ಮೇಷ್ಟ್ರು ಕುರ್ಚಿ ಹತ್ತಿ ಕೂಗಿಕೊಂಡರು. "ಎಂಥಾ ವಿನಯ!" ಎಂದು ಜನ ಚಪ್ಪಾಳೆ ತಟ್ಟಿದರು.

ಮೇಷ್ಟ್ರೇನು ಸಾಮಾನ್ಯರೇ? ಹಿಡಿದ ಪಟ್ಟು ಬಿಡಲಿಲ್ಲ. ಉಂಡು ಎದ್ದವರ ಕೈಗೆಲ್ಲ ಒಂದೊಂದು ತುರುಕಿದರು. ನಾಲ್ಕು ಗಂಟೆಗೆ ಕೋಣೆ ಬಯಲಾಯಿತು, ಜನವೂ ಚದುರಿತು. ಬಾಗಿಲು ಹಾಕಿ, ಚಾಪೆ ಹಾಸಿ, ಮೇಷ್ಟ್ರು ಕಾಲು ಚಾಚಿದರು. ಹೆಬ್ಬೆರಳಿಗೆ ಏನೂ ತಾಗಲಿಲ್ಲ. ಸುಖಕ್ಕೆ ಅವರ ಕಣ್ಣಲ್ಲಿ ನೀರೇ ಬಂತು.

"ಮೇಷ್ಟ್ರೇ, ಬಾಗಿಲು ತೆಗೀರಿ!"

ಮೂಲೆ ಅಂಗಡಿಯಲ್ಲಿ ಫೋಟೊ ಅಚ್ಚು ಹಾಕುವ ಲಿಗಾಲಿ ಕೈಗಾಡಿ ತಳ್ಳಿಕೊಂಡು ಬಂದಿದ್ದ. ಗಾಡಿಯ ತುಂಬ ಹೊಸ ಬಕೆಟ್ಟು, ಒಂದೊಂದರ ಮೇಲೂ ಮದುವೆಯ ಟೋಪಿ ತೊಟ್ಟ ಫೊಲಾರಿನ್ ಮೇಷ್ಟ್ರು. ಕೆಳಗೆ ಬಂಗಾರದ ಬಣ್ಣದಲ್ಲಿ, 'ಕಡಿಮೆ ಸಾಮಾನಿನ ಬದುಕಿಗೆ ಕಾಲಿಟ್ಟ ಮೇಷ್ಟ್ರಿಗೆ ಓಣಿಯವರ ಶುಭಾಶಯ.'

"ನಮ್ ಮೇಷ್ಟ್ರು ಕಂಡೋರ ಮುಖ ಹಂಚೋದಾ ಅಂತ ಎಲ್ರೂ ಸೇರಿ ಮಾಡ್ಸಿದ್ವಿ. ಅಬೆಕೆನೇ ಮದುವೆ ಮನೆಯಿಂದ ಫೋನಲ್ಲಿ ಫೋಟೊ ಕಳಿಸಿದ್ಲು. ನೂರಿಪ್ಪತ್ತಿದೆ. ಸ್ವಲ್ಪ ತಡ ಆಯ್ತು."

"ಇ... ಇದನ್ನೂ ಹಂಚಿಬಿಡಪ್ಪಾ!"

"ಯಾರಿಗೆ? ಉಂಡೋರೆಲ್ಲ ಆಗ್ಲೇ ತಗೊಂಡು ಹೋದ್ರಲ್ಲ. ಒಂದೂಟಕ್ಕೆ ಎರಡು ಬಕೆಟ್ ಮುಟ್ಟೋಕೆ ಅವರಿಗೇನು ಮರ್ಯಾದೆ ಇಲ್ವಾ?"

ಅಷ್ಟರಲ್ಲಿ ಅಬೆಕೆ ಬಂದಳು. ಬರಿದಾದ ಕೋಣೆ ನೋಡಿ ಅವಳು ಕಿರುಚುತ್ತಾಳೆ, ಆ ಜಗಳದಲ್ಲಾದರೂ ಗಾಡಿ ವಾಪಸು ಹೋಗುತ್ತದೆ ಎಂದು ಮೇಷ್ಟ್ರು ಆಸೆಯಿಂದ ಕಾದರು. ಅವಳು ಕೋಣೆಯನ್ನು ನೋಡಲೇ ಇಲ್ಲ. ಒಂದು ಬಕೆಟ್ಟನ್ನು ಎದೆಗವಚಿಕೊಂಡು ಅತ್ತೇಬಿಟ್ಟಳು.

"ಹನ್ನೊಂದು ವರ್ಷ ಊರೋರ ಮುಖ ನೋಡ್ಕೊಂಡು ಮಲಗಿದೀನಿ ಕಣ್ರೀ. ಈಗ ಎಲ್ಲಾ ನಿಮ್ದೇ. ಇದರಲ್ಲಿ ಒಂದನ್ನೂ ಯಾರಿಗೂ ಕೊಡಲ್ಲ!"

ಮೇಷ್ಟ್ರು ಮತ್ತೆ ಚಾಪೆಯ ಮೇಲೆ ಕಾಲು ಚಾಚಿ ಕೂತರು. ಲಿಗಾಲಿ ಬಕೆಟ್ಟುಗಳನ್ನು ಒಳಗೆ ಜೋಡಿಸುತ್ತ ಬಂದ. ಕೊನೆಯ ಸಾಲಿಗೆ ಚಾಪೆ ಅಡ್ಡ ಬಂತು.

ಮೇಷ್ಟ್ರು ಕಾಲು ಮಡಚಿಕೊಂಡರು.