ಎಡಗಡೆಯ ಕಿಸೆ ಒಂದು ಬೆರಳು ಕೆಳಗೆ

ಚಿಂತೆ ಮಾಡಲು ಕಾರಣ ಬೇಕು ಎನ್ನುವವರು ಚಿಂತೆಯ ಶಾಲೆಯಲ್ಲಿ ಇನ್ನೂ ಬಿನ್ನಿಯತ್ತೆಯ, ಅಂದರೆ ಒಂದನೆಯದಕ್ಕೂ ಮುಂಚಿನ ಚಿಕ್ಕಮಕ್ಕಳ ತರಗತಿಯ, ಚಾಪೆಯ ಮೇಲೆ ಕುಳಿತಿದ್ದಾರೆಂದು ತಿಳಿಯಬೇಕು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನೇ ಪಾಸಾದವನು. ಗುಡುಗಿದರೆ ಗೋಡೆಯ ಚಿಂತೆ, ಗುಡುಗದಿದ್ದರೆ ಯಾಕೆ ಗುಡುಗಲಿಲ್ಲ ಎಂಬ ಚಿಂತೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರೆ, ಇಷ್ಟು ದಿನ ಯಾರಿಗೂ ಒಂದು ನೆಗಡಿಯೂ ಆಗಲಿಲ್ಲವಲ್ಲ, ಏನೋ ದೊಡ್ಡದೇ ಕಾದಿದೆ ಎಂದು ಎದೆ ಹಿಂಡುತ್ತದೆ. ನನ್ನ ಹೆಂಡತಿ ನೀಲಮ್ಮ ಆಗಾಗ ಅನ್ನುವುದುಂಟು: “ನಾಳೆ ದೇವರು ಪ್ರತ್ಯಕ್ಷ ಆದ್ರೂ, ಬರೂ ಮುಂದ ಗುಡಿ ಬಾಗಲಾ ಹಾಕ್ಕೊಂಡ ಬಂದೀರೋ ಇಲ್ಲೋ ಅಂತ ಕೇಳಾವ್ರು ನೀವು.”

ಇಂಥ ನಾನು ಬೆಟಗೇರಿ ಸಂತೆಯಲ್ಲಿ ಒಂದು ಮಿಲಿಟರಿ ಕೋಟು ಕೊಂಡದ್ದು ಥಂಡಿಯ ಪ್ರಭಾವ, ಧೈರ್ಯದ್ದಲ್ಲ. ಮಹಾಯುದ್ಧ ಮುಗಿದಿತ್ತು. ಸರಕಾರಕ್ಕೆ ಬೇಡವಾದ ಬೂಟು, ಕಂಬಳಿ, ನೀರಿನ ಬಾಟಲಿಗಳೆಲ್ಲ ಸಂತೆಗಳಲ್ಲಿ ಗುಡ್ಡೆ ಬಿದ್ದಿದ್ದವು. ಅಸುಂಡಿಯಲ್ಲಿ ಮೇಜರನ ಕೋಟು ತೊಟ್ಟು ಎಮ್ಮೆ ಕಾಯುವವರಿದ್ದರು. ಯಳವತ್ತಿಯಲ್ಲಿ ಉಕ್ಕಿನ ಟೋಪಿಯೊಳಗೆ ಕೋಳಿ ಕಾವು ಕೂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ತೊಟ್ಟಿದ್ದಾರೆ, ನಾನೂ ತೊಟ್ಟರೇನು ಎಂದುಕೊಂಡೆ. ಆ ಖಾಕಿ ಉಣ್ಣೆಯ ಕೋಟಿನೊಳಗೆ ಥಂಡಿ ಬರಲಿಲ್ಲ. ಅದರ ಬದಲು ಚಿಂತೆ ಬಂತು.

ಕೋಟಿನ ಕೊರಳಪಟ್ಟಿಯ ಒಳಗಡೆ ಒಂದು ಬಟ್ಟೆಯ ಚೀಟಿ ಹೊಲಿದಿತ್ತು. ಅದರ ಮೇಲೆ ಅಳತೆ, ಅದರ ಕೆಳಗೆ ಇಸವಿ. ಒಂದು, ಒಂಬತ್ತು, ನಾಲ್ಕು. ಮುಂದಿನ ಅಂಕಿಯನ್ನು ನುಸಿ ತಿಂದಿತ್ತು. ತಿನ್ನಲು ಇಡೀ ಕೋಟೇ ಇರುವಾಗ ಆ ಹುಳಕ್ಕೆ ಅದೊಂದೇ ಅಂಕಿ ರುಚಿಸಬೇಕೆ! ಅದು ಮೂರೋ ನಾಲ್ಕೋ ಆಗಿದ್ದರೆ ಯುದ್ಧಕಾಲದ ಮಾಲು, ಸರಕಾರವೇ ಮಾರಿದ್ದು, ಭಯವಿಲ್ಲ. ಎಂಟಾಗಿದ್ದರೆ? ಆಗ ಅದು ಸ್ವತಂತ್ರ ಭಾರತದ ಸೈನ್ಯದ ಹೊಸ ಕೋಟು, ಯಾರೋ ಕದ್ದದ್ದು, ತೊಟ್ಟವನು ಲಕ್ಷ್ಮೇಶ್ವರದ ಕನ್ನಡ ಶಾಲೆಯ ಮಾಸ್ತರ. ಗುಂಡಿಗಳನ್ನು ನೋಡಿ ಕಾಲ ಹೇಳಬಹುದೆಂದು ಯಾರೋ ಅಂದರು. ನೋಡಿದೆ. ನಾಲ್ಕರಲ್ಲಿ ಎರಡರ ಮೇಲೆ ಬ್ರಿಟಿಷ್ ರಾಜನ ಕಿರೀಟ, ಒಂದರ ಮೇಲೆ ಉರ್ದು ಅಕ್ಷರ, ನಾಲ್ಕನೆಯದು ಬೋಳು. ಕಿರೀಟ ಕಂಡರೆ ದೇಶಭಕ್ತರು ಸಿಟ್ಟಾದಾರು. ಮುಂಡರಗಿಯಾಚೆಯ ನಿಜಾಮನ ಸೀಮೆಯ ಗಲಾಟೆ ಆಗಷ್ಟೇ ತಣ್ಣಗಾಗಿತ್ತು. ಉರ್ದು ಕಂಡರೆ ಪೋಲೀಸರು ಕೇಳಿಯಾರು. ಬೋಳು ಗುಂಡಿಯನ್ನಂತೂ ಯಾರು ನಂಬುತ್ತಾರೆ? “ಹಂಗಾರ ಗುಂಡಿ ಹಾಕ್ಕೋಬ್ಯಾಡ್ರಿ, ಹಂಗ ಬಿಟ್ಕೊಂಡ ಅಡ್ಡಾಡ್ರಿ,” ಎಂದಳು ನೀಲಮ್ಮ. ಹಾಗೆ ಅಡ್ಡಾಡಿದರೆ ಥಂಡಿ.

ಈ ಚಿಂತೆಯನ್ನು ಇನ್ನೊಂದೆರಡು ವರ್ಷ ಆರಾಮವಾಗಿ ಮಾಡಿಕೊಂಡಿರುತ್ತಿದ್ದೆ. ಅಷ್ಟರಲ್ಲಿ ಶಿಗ್ಲಿಯ ಶಂಕ್ರಪ್ಪ ಬಂದ. ಅವನದು ಸಂಬಂಧ ಕೂಡಿಸುವ ಕೆಲಸ. ನನ್ನ ಮಗಳು ಶಾಂತಾಳಿಗೆ ಮುಂಡರಗಿಯ ಒಂದು ಮನೆತನ ತಂದಿದ್ದ; ಹುಡುಗ ದವಾಖಾನೆಯಲ್ಲಿ ಕಂಪೌಂಡರ, ಅವನ ತಂದೆ ಯುದ್ಧದಿಂದ ಬಂದ ಹವಾಲ್ದಾರರು. ಹುಡುಗ ಒಮ್ಮೆ ಬಂದು ನೋಡಿ ಹೋಗಿದ್ದ. ಅಂದಿನಿಂದ ಶಾಂತಾ ಭಾಂಡೆ ತಿಕ್ಕುವಾಗ ಹಾಡುತ್ತಿದ್ದಳು. ಇದಕ್ಕೂ ಮೊದಲು ಬಂದ ಎರಡು ಸಂಬಂಧಗಳು ತಪ್ಪಿದ್ದು ನನ್ನಿಂದಲೇ. ಒಂದು ಮನೆಯಲ್ಲಿ ‘ನಿಮ್ಮ ಬಾವಿಗೆ ಕಟ್ಟೆ ಇದೆಯೋ’ ಎಂದು ಮೂರು ಸಲ ಕೇಳಿದೆ. ಇನ್ನೊಂದರಲ್ಲಿ ಹುಡುಗನ ಅಜ್ಜ ಯಾವ ಬೇನೆಯಿಂದ ತೀರಿಕೊಂಡರೆಂದು ವಿಚಾರಿಸಿದೆ. ಅಜ್ಜ ಅಲ್ಲೇ ಕೂತಿದ್ದರು. ಮೂರನೆಯದೂ ಕೆಟ್ಟರೆ ನೀಲಮ್ಮ ನನ್ನನ್ನು ಉಳಿಸುತ್ತಿರಲಿಲ್ಲ. ಅವಳಿಗಿಂತ ಹೆಚ್ಚಾಗಿ, ಆ ಹಾಡು ನಿಂತುಹೋದ ಮನೆಯನ್ನು ನೆನೆಯುವುದು ನನ್ನಿಂದಾಗುತ್ತಿರಲಿಲ್ಲ.

“ಮಾಸ್ತರ, ಆತು ಅಂತ ತಿಳೀರಿ,” ಎಂದ ಶಂಕ್ರಪ್ಪ. “ಹವಾಲ್ದಾರ್ರು ನಿಮ್ಮನ್ನ ನೋಡಾಕ ತುದಿಗಾಲ ಮ್ಯಾಲ ನಿಂತಾರ.”

“ನನ್ನನ್ನ ಯಾಕೋ?”

“ನಾ ಒಂದ ಮಾತು ಹೆಚ್ಚ ಹೇಳಿ ಬಂದೇನ್ರಿ. ನೀವೂ ಲಡಾಯಿಗೆ ಹೋಗಿ ಬಂದಾವ್ರು ಅಂತ.”

ನನ್ನ ಕಪ್ಪಿನಲ್ಲಿದ್ದ ಚಹಾ ತಾನಾಗಿಯೇ ಬಶಿಗೆ ಇಳಿಯಿತು. “ಅಲ್ಲೋ ಶಂಕ್ರಪ್ಪಾ, ನಾ ಹುಬ್ಬಳ್ಳಿ ದಾಟಿಲ್ಲೋ!”

“ಕೋಟ್ ದಾಟೈತಲ್ರಿ! ಅದನ್ನ ಹಾಕ್ಕೊಂಡ ಬರ್ತಾರಂತ ಹೇಳೇನಿ. ಒಂದ ಲಕ್ಷ್ಯ ಇಡ್ರಿ, ಸಂತ್ಯಾಗ ಕೋಟ್ ತಗೊಂಡು ಮೀಸಿ ತಿರುವಾವ್ರನ್ನ ಕಂಡ್ರ ಅವರಿಗೆ ಮೈ ಉರೀತೈತಿ.”

ಹವಾಲ್ದಾರರು ಕೋಟನ್ನು ನೋಡಿ ‘ಇದು ಯಾವ ವರ್ಷದ್ದು, ಯಾವ ಪಲ್ಟನ್ನಿನದು’ ಎಂದರೆ ಏನು ಹೇಳಲಿ? ಮರುದಿನ ಬೆಳಿಗ್ಗೆಯೇ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮೂರ ದರ್ಜಿ ಹುಸೇನಸಾಬನ ಅಂಗಡಿಗೆ ಹೋದೆ. ಯುದ್ಧಕಾಲದಲ್ಲಿ ಅವನು ಬೆಟಗೇರಿಯಲ್ಲಿ ಸಿಪಾಯಿಗಳ ಬಟ್ಟೆ ಹೊಲಿದವನು. ಅವನು ಚೀಟಿಯ ಕಡೆ ತಿರುಗಿಯೂ ನೋಡಲಿಲ್ಲ.

“ಚೀಟಿ ಯಾಕ್ರಿ? ಗುಂಡಿ ಯಾಕ್ರಿ? ಗುಂಡಿ ಉದುರಿದ್ರ ನಾವ ಡಬ್ಬ್ಯಾಗ ಕೈ ಹಾಕಿ ಸಿಕ್ಕದ್ದ ಹಚ್ಚತೀವಿ,” ಎಂದು ಕೋಟನ್ನು ಮೊಣಕಾಲ ಮೇಲೆ ಹಾಸಿ ಎದೆಕಿಸೆಯ ಮೇಲೆ ಬೆರಳಿಟ್ಟ. “ಬಕ್ಕಣ ನೋಡಬೇಕ್ರಿ ಮಾಸ್ತರ. ಲಡಾಯಿ ಸುರು ಆದಾಗ ಬಕ್ಕಣಕ್ಕ ನಿರಿಗಿ ಇದ್ದುವು. ಬಟ್ಟಿ ಕಡಿಮಿ ಬಿತ್ತು, ನಿರಿಗಿ ಹೋದುವು. ಆಮ್ಯಾಲ ಗುಂಡಿ ಮುಚ್ಚೂ ಪಟ್ಟಿ ಹೋತು. ಇನ್ನೊಂದ ವರ್ಷ ಲಡಾಯಿ ನಡದಿದ್ರ ತೋಳೂ ಹೋಗತಿದ್ದುವು! ಇದರಾಗ ನಿರಿಗಿ ಇಲ್ಲ, ಪಟ್ಟಿ ಇಲ್ಲ. ಅಂದ್ರ ಲಡಾಯಿ ಮುಗಿಯೂ ಕಾಲದ್ದು. ಕಳುವಿನ ಮಾಲ ಅಲ್ಲ, ಆರಾಮ ಇರ್ರಿ.”

ಒಂದು ನಿಮಿಷ ಆರಾಮ ಇದ್ದೆ. ಅಷ್ಟರಲ್ಲಿ ಅವನು ಎರಡೂ ಎದೆಕಿಸೆಗಳ ಮೇಲೆ ಅಳತೆಪಟ್ಟಿ ಇಟ್ಟು, ಹಣೆ ಹಣೆ ಬಡಿದುಕೊಂಡು ನಗತೊಡಗಿದ. ಎಡಗಡೆಯ ಕಿಸೆ ಬಲಗಡೆಯದಕ್ಕಿಂತ ಒಂದು ಬೆರಳು ಕೆಳಗಿತ್ತು.

“ಇದು ನಂದ ಕೈಗೆಲಸಾ ರೀ! ಬೆಟಗೇರ್‍ಯಾಗ ನಾವು ಹೊಲೀತಿದ್ದ ಶೆಡ್ಡಿನಾಗ ಒಬ್ಬೊಬ್ಬಗ ಒಂದೊಂದ ಕೆಲಸ. ಎಡಗಡೆ ಬಕ್ಕಣ ನಂದು, ಬಲಗಡೇದು ನಮ್ಮ ಸ್ವಾದರಮಾವನ ಮಗಂದು. ಒಂದ ಗ್ವಾಡಿ ಸಲುವಾಗಿ ನಮ್ಮಿಬ್ಬರಿಗೆ ಮಾತ ಬಿಟ್ಟಿತ್ತು. ‘ಎಷ್ಟ ಎತ್ತರಕ್ಕ ಹಚ್ಚೀದಿ’ ಅಂತ ಅಂವಾ ಕೇಳಲಿಲ್ಲ, ನಾ ಹೇಳಲಿಲ್ಲ. ತಪಾಸಣಿಗೆ ಬಂದ ಸಾಹೇಬ ಅಷ್ಟೂ ಕೋಟ ತಗದ ಹೊರಗ ಒಗದ. ಇದು ಬರ್ಮಾನೂ ಕಂಡಿಲ್ಲ, ಗದಗ ಸ್ಟೇಶನ್ನೂ ಕಂಡಿಲ್ಲರಿ. ಬೆಟಗೇರ್‍ಯಾಗ ಹುಟ್ಟಿ ಬೆಟಗೇರಿ ಸಂತ್ಯಾಗ ಬಿದ್ದೈತಿ.”

ನಾನಾದರೂ ಹುಬ್ಬಳ್ಳಿಯ ತನಕ ಹೋಗಿದ್ದೆ. ಕೋಟು ನನಗಿಂತ ಕಡಿಮೆ ತಿರುಗಿತ್ತು.

ಗೊತ್ತಾದ ದಿನ ಅದನ್ನೇ ತೊಟ್ಟು ಶಂಕ್ರಪ್ಪನ ಜೊತೆ ಬಸ್ಸು ಹತ್ತಿದೆ. ಶಿರಹಟ್ಟಿಯಲ್ಲಿ ಒಬ್ಬ ಪೋಲೀಸ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಕಾಲು ಕೂಡಿಸಿ ಸಲಾಮು ಹೊಡೆದ. ಬಂಧಿಸಲಿಕ್ಕೇ ಬಂದನೆಂದು ನಾನು ಎರಡೂ ಕೈ ಮೇಲೆತ್ತಿದೆ. ಒಂದು ಕೈಯಲ್ಲಿ ನೀಲಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟಿತ್ತು. ಅವನು ಇದು ಯಾವುದೋ ಹೊಸ ಪದ್ಧತಿಯ ಸಲಾಮು ಇರಬೇಕೆಂದು ಗೌರವದಿಂದ ಹಿಂದೆ ಸರಿದ.

ಮುಂಡರಗಿಯಲ್ಲಿ ಹವಾಲ್ದಾರರು ಬಾಗಿಲಿಗೇ ಬಂದರು. ಚೌಕಟ್ಟಿಗೆ ತಲೆ ತಾಗುವ ಎತ್ತರ, ಎರಡು ಮೀಸೆ ಸೇರಿ ಗೇಣುದ್ದ. ಮೈಮೇಲೆ ಮಿಲಿಟರಿ ಕೋಟು. ನನ್ನ ಕಣ್ಣು, ಇತ್ತೀಚಿನ ಅಭ್ಯಾಸದಿಂದ, ಸೀದಾ ಕಿಸೆಗಳಿಗೆ ಹೋಯಿತು. ಎಡಗಡೆಯದು ಒಂದು ಬೆರಳು ಕೆಳಗಿತ್ತು. ನಾನೇ ಓರೆಯಾಗಿ ನಿಂತಿದ್ದೇನೇನೋ ಎಂದು ತಲೆ ವಾಲಿಸಿ ನೋಡಿದೆ. ಆಗಲೂ ಕೆಳಗೇ ಇತ್ತು.

“ಬರ್ರಿ ಬೀಗರ, ಕುಂಡ್ರಿ. ಲಡಾಯ್ಯಾಗ ಯಾವ ಕಡೆ ಇದ್ರಿ?”

“ಬೆಟಗೇರಿ,” ಎಂದೆ.

“ಏನಂದ್ರಿ?”

“ಬೆಟಗೇರಿ ಸಂತ್ಯಾಗರಿ. ನಾ ಲಡಾಯಿಗೆ ಹೋಗಿಲ್ಲ. ಈ ಕೋಟೂ ಹೋಗಿಲ್ಲ.” ಒಮ್ಮೆ ಬಾಯಿ ತೆರೆದ ಮೇಲೆ ನನ್ನದು ನಿಲ್ಲುವುದಿಲ್ಲ. ನುಸಿ, ಗುಂಡಿ, ಮಾತು ಬಿಟ್ಟ ದರ್ಜಿಗಳು, ಒಂದು ಬೆರಳು ಕೆಳಗಾದ ಕಿಸೆ, ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ, ಯಾರ ಎದುರು ಹೇಳಿದೆ ಎಂಬುದು ಹೊಳೆಯಿತು. ಶಂಕ್ರಪ್ಪ ತಲೆ ಎತ್ತಿ ಮಾಳಿಗೆಯ ಜಂತಿ ಎಣಿಸತೊಡಗಿದ. ಹವಾಲ್ದಾರರ ಕೈ ಮೆಲ್ಲಗೆ ಏರಿ ಅವರ ಎಡಗಡೆಯ ಕಿಸೆಯನ್ನು ಮುಚ್ಚಿತು. ಶಾಂತಾಳ ಹಾಡು ಅಲ್ಲಿಗೆ ಮುಗಿಯಿತೆಂದುಕೊಂಡೆ.

“ಸಂತ್ಯಾಗ ಆ ಕೋಟಿನ ಗುಡ್ಡಿ ಬೇವಿನ ಗಿಡದ ಬುಡಕ ಇತ್ತಲ್ಲರಿ?” ಎಂದರು ಹವಾಲ್ದಾರರು, ಸಣ್ಣ ದನಿಯಲ್ಲಿ.

“ಹೌದ್ರಿ.”

“ನಾ ತಳದಾಗಿಂದು ಜಗ್ಗಿ ತಗದೆ,” ಎಂದವರೇ ಮೀಸೆ ಕುಣಿಯುವಂತೆ ನಕ್ಕರು. ಒಳಗಿನಿಂದ ಅವರ ಮನೆಯವರು ಒಂದು ಕೌದಿ ತಂದು ನನ್ನ ಮುಂದೆ ಬಿಡಿಸಿದರು. ಸೀರೆಯ ತುಂಡು, ಕುಪ್ಪಸದ ತುಂಡುಗಳ ನಡುವೆ ಅಲ್ಲಲ್ಲಿ ದಪ್ಪ ಖಾಕಿಯ ಚೌಕಗಳಿದ್ದವು.

“ಖರೇ ಕೋಟು ಇಲ್ಲೈತಿ ನೋಡ್ರಿ ಅಣ್ಣಾರ. ಇವರು ಲಡಾಯಿಂದ ಬಂದ ವಾರದಾಗ ನಮ್ಮತ್ತಿ ಕತ್ತರಿ ಹಾಕಿದ್ರು. ಮಗಾ ಜೀವಂತ ಬಂದಾನ, ಇನ್ನ ಆ ಕೋಟ್ ಯಾತಕ್ಕ ಅಂದ್ರು.”

“ಹಂಗಾತು,” ಎಂದರು ಹವಾಲ್ದಾರರು. “ಕೋಟ್ ಇಲ್ಲದಾಂವ ಲಡಾಯಿ ಸುದ್ದಿ ಹೇಳಿದ್ರ ಊರಾಗ ಒಬ್ರೂ ಕೇಳಾಕ ತಯಾರಿಲ್ಲರಿ. ಬೆಟಗೇರಿಗೆ ಹೋಗಬೇಕಾತು.”

ಅಂದೇ ಸಕ್ಕರೆ ಹಂಚಿದರು. ಶಾಂತಾ ಈಗ ಮುಂಡರಗಿಯಲ್ಲಿ ಹಾಡುತ್ತಾಳೆ. ಈಚೆಗೆ ಕನ್ನಡ ನಾಡೆಲ್ಲ ಒಂದಾದ ಸಂಭ್ರಮಕ್ಕೆ ಗದುಗಿನಲ್ಲಿ ಸಭೆ ಸೇರಿದಾಗ ಹವಾಲ್ದಾರರು ಹತ್ತು ಮಂದಿಯ ಎದುರು ನನ್ನ ಹೆಗಲ ಮೇಲೆ ಕೈಯಿಟ್ಟು, “ಗುಂಡಿಗೆ ಎದಿ ಕೊಡಾವ್ರನ್ನ ಭಾಳ ಮಂದಿ ನೋಡೇನಿ. ಮಗಳ ಮದವಿ ಮಾತಿನಾಗ ಖರೇ ಹೇಳಿದ ಗಂಡಸು ನಮ್ಮ ಬೀಗರು ಒಬ್ಬರ,” ಎಂದರು. ನಾನು ಬೇಕೆಂದೇ ಖರೇ ಹೇಳಿದೆನೆಂದು ನೀಲಮ್ಮನೂ ನಂಬಿ ಎಂಟು ವರ್ಷವಾಯಿತು. ನಾನು ತಲೆ ತಗ್ಗಿಸುತ್ತೇನೆ. ನೋಡಿದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ನಿಮ್ಮ ಮುಂದೆ ಮುಚ್ಚಿಡುವುದೇನು? ಅಂದು ಬಸ್ಸಿನಲ್ಲಿ ಶಂಕ್ರಪ್ಪ ನನಗೆ ಬರ್ಮಾದ ಒಂದು ಊರಿನ ಹೆಸರು ಹೇಳಿಕೊಟ್ಟಿದ್ದ. ಕೇಳಿದ ಕೂಡಲೇ ಅದನ್ನು ಅಂದುಬಿಡಬೇಕು, ಅಷ್ಟೇ. ದಾರಿಯುದ್ದಕ್ಕೂ ಜಪಿಸಿದ್ದೆ. ಹವಾಲ್ದಾರರ ಬಾಗಿಲಲ್ಲಿ ಅದು ಪಾಟಿ ಒರೆಸಿದಂತೆ ಅಳಿಸಿಹೋಯಿತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕೋಲು ಹಿಡಿದು ಜಗತ್ತಿನ ನಕಾಶೆ ತೋರಿಸುತ್ತ ಬಂದ ಭೂಗೋಳದ ಮಾಸ್ತರ ನಾನು. ಆ ಗಳಿಗೆಯಲ್ಲಿ ಇಡೀ ಭೂಮಂಡಲದಲ್ಲಿ ನನಗೆ ನೆನಪಾದ ಊರು ಬೆಟಗೇರಿ ಒಂದೇ.